ಹಿಂದಿನ ಆಕ್ಸಲ್ ಎತ್ತಿ ಕಟ್ಟಿ ಓಡಿಸಿದ 32 ಕಿಲೋಮೀಟರ್

ನೇರ ರಸ್ತೆಯಲ್ಲಿ ಹೋಗುವಾಗ ಟ್ರೇಲರಿನ ಹಿಂದಿನ ಎರಡು ಮೂಲೆಗಳು ಎರಡೂ ಕನ್ನಡಿಯಲ್ಲಿ ಒಂದೇ ಅಳತೆಗೆ ಕಾಣಬೇಕು. ಆ ರಾತ್ರಿ ಎಡಗನ್ನಡಿಯಲ್ಲಿ ಮೂಲೆ ಅರ್ಧ ಗೇಣು ಹೊರಗೆ ಬಂದಿತ್ತು, ಬಲಗನ್ನಡಿಯಲ್ಲಿ ಮೂಲೆಯೇ ಇರಲಿಲ್ಲ. ಸ್ಟೀರಿಂಗ್ ಮಾತ್ರ ನೆಟ್ಟಗಿತ್ತು. ಎಂಜಿನ್ ಎಂದಿನಂತೆ ಎಳೆಯುತ್ತಿತ್ತು, ಸೀಟಿನ ಕೆಳಗೆ ಅದುರೂ ಇಲ್ಲ. ಕನ್ನಡಿ ನೋಡದೆ ಇದ್ದಿದ್ದರೆ ಇನ್ನೂ ಐವತ್ತು ಕಿಲೋಮೀಟರ್ ಹಾಗೇ ಹೋಗುತ್ತಿದ್ದೆನೋ ಏನೋ.

ಹತ್ತು ನಿಮಿಷ ಹಿಂದೆ ಒಂದು ಗುಂಡಿಗೆ ಬಿದ್ದಿದ್ದೆವು. ಹಿಂದಿನಿಂದ 'ಠಣ್' ಅಂತ ಒಂದು ಸದ್ದು. ಹಗ್ಗದ ಕೊಕ್ಕೆ ಬಡಿದಿರಬೇಕು ಅಂದುಕೊಂಡು ಸುಮ್ಮನಾಗಿದ್ದೆ. ಪಕ್ಕದಲ್ಲಿ ತೂಕಡಿಸುತ್ತಿದ್ದ ಕ್ಲೀನರ್ ಹುಡುಗ ಒಮ್ಮೆ ಕಣ್ಣು ಬಿಟ್ಟು, "ಅಣ್ಣ, ಏನೋ ಮುರಿದಂಗಾಯ್ತು" ಅಂದಿದ್ದ. "ಮಲಕ್ಕೋ" ಅಂದಿದ್ದೆ.

ಈ ಸ್ಥಿತಿಯಲ್ಲಿ ನಿಲ್ಲಿಸುವುದೂ ಒಂದು ಕೆಲಸವೇ. ಒಮ್ಮೆಲೆ ಬ್ರೇಕ್ ತುಳಿದರೆ ಓರೆಯಾದ ಟ್ರೇಲರ್ ಇನ್ನಷ್ಟು ಓರೆಯಾಗುತ್ತದೆ. ಕಾಲು ತೆಗೆದೆ, ಹಜಾರ್ಡ್ ಹಾಕಿದೆ, ಗೇರ್ ಇಳಿಸುತ್ತಾ ಬಂದು ಗಟ್ಟಿ ನೆಲ ಕಂಡಲ್ಲಿ ಮೆಲ್ಲಗೆ ಬದಿಗೆ ತಂದೆ. ಮಣ್ಣಿನ ಅಂಚಿಗೆ ಇಳಿಸಲಿಲ್ಲ. 30 ಟನ್ ಸಿಮೆಂಟ್ ಹೊತ್ತ ಗಾಡಿಗೆ ಆಮೇಲೆ ಜಾಕ್ ಕೊಡಬೇಕಾಗಿ ಬಂದರೆ ಮೆತ್ತನೆ ನೆಲದಲ್ಲಿ ಏನೂ ಮಾಡಲಾಗುವುದಿಲ್ಲ. ಚಕ್ರಗಳಿಗೆ ಕಟ್ಟೆ ಕೊಟ್ಟು, ನೂರು ಮೀಟರ್ ಹಿಂದೆ ತ್ರಿಕೋನ ಇಟ್ಟು, ಟಾರ್ಚ್ ಹಿಡಿದು ಕೆಳಗೆ ಬಗ್ಗಿದೆವು.

ಟ್ರೇಲರಿಗೆ ಮೂರು ಆಕ್ಸಲ್, ಅಂದರೆ ಚಕ್ರಗಳು ಕೂರುವ ಅಡ್ಡ ದಂಡ. ಕೊನೆಯ ಆಕ್ಸಲಿನ ಎಡಗಡೆ ಪಟ್ಟಾ ಸೆಟ್ಟಿನಲ್ಲಿ, ಅಂದರೆ ಒಂದರ ಮೇಲೊಂದು ಪಟ್ಟಿ ಜೋಡಿಸಿದ ಸ್ಪ್ರಿಂಗಿನಲ್ಲಿ, ಎರಡು ಎಲೆ ಮುರಿದಿದ್ದವು. ಅಷ್ಟೇ ಆಗಿದ್ದರೆ ಅಷ್ಟು ಭಯ ಇರಲಿಲ್ಲ. ನಮ್ಮ ಟ್ರೇಲರಿನಲ್ಲಿ ಪಟ್ಟಾ ಭಾರ ಹೊರುತ್ತದೆ ಅಷ್ಟೇ. ಆಕ್ಸಲನ್ನು ಮುಂದಕ್ಕೂ ಹಿಂದಕ್ಕೂ ಜಾರದಂತೆ ಹಿಡಿದಿರುವುದು ಟಾರ್ಕ್ ರಾಡ್. ಅದರ ಮುಂದಿನ ಬೋಲ್ಟೇ ಕತ್ತರಿಸಿ ಹೋಗಿತ್ತು. ಆಕ್ಸಲಿನ ಎಡತುದಿ ನಾಲ್ಕು ಬೆರಳು ಹಿಂದೆ ಸರಿದು, ಟಯರ್ ಮಡ್‌ಗಾರ್ಡಿನ ಕಬ್ಬಿಣಕ್ಕೆ ಉಜ್ಜಿ ಒಳಗಿನ ರಬ್ಬರ್ ಬಿಳಿಚಿಕೊಂಡಿತ್ತು. ಎಡತುದಿ ಹಿಂದೆ ಹೋದರೆ ಆ ಚಕ್ರಗಳ ಮೂತಿ ಎಡಕ್ಕೆ ತಿರುಗುತ್ತದೆ. ಹಿಂಭಾಗವನ್ನು ಅವು ಎಡಕ್ಕೆ ಎಳೆದುಕೊಂಡು ಹೋಗುತ್ತಿದ್ದವು. ಕನ್ನಡಿಯಲ್ಲಿ ಕಂಡದ್ದು ಅದು. ಸರಿದ ಆಕ್ಸಲ್ ಹಿಂದಿನ ದೀಪದ ವೈರನ್ನೂ ಎಳೆದು ಹರಿದಿತ್ತು. ಎಡಗಡೆ ಬ್ರೇಕ್ ಲೈಟೂ ಇಲ್ಲ, ಇಂಡಿಕೇಟರೂ ಇಲ್ಲ.

ಫೋನ್ ಮಾಡಿದೆ. ಯಜಮಾನರು ನಿದ್ದೆಗಣ್ಣಿನಲ್ಲೇ, "ನಿಧಾನಕ್ಕೆ ಬಾ, ಏನೂ ಆಗಲ್ಲ" ಅಂದರು.

ಇಪ್ಪತ್ತೆರಡು ವರ್ಷದಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಿಧಾನಕ್ಕೆ ಹೋಗುವುದು ನನ್ನ ಕೈಯಲ್ಲಿದೆ. ಏನೂ ಆಗದಿರುವುದು ನನ್ನ ಕೈಯಲ್ಲೂ ಇಲ್ಲ, ಅವರ ಕೈಯಲ್ಲೂ ಇಲ್ಲ. ನಿಧಾನ ಹೋದರೆ ಕೆಲವು ಪೆಟ್ಟು ಸಹಿಸಿಕೊಳ್ಳುತ್ತವೆ, ಕೆಲವಕ್ಕೆ ನಿಧಾನವೂ ಒಂದೇ ಜೋರೂ ಒಂದೇ. ಟ್ರೇಲರನ್ನು ಮುಂದಿನ ಎಂಜಿನ್ ಗಾಡಿಗೆ ಜೋಡಿಸುವ ಕಿಂಗ್ ಪಿನ್ ಅಥವಾ ಅದನ್ನು ಹಿಡಿಯುವ ಟರ್ನ್ ಟೇಬಲಿನ ಲಾಕ್ ಕೆಟ್ಟಿದ್ದರೆ ನಾನು ಹತ್ತು ಅಡಿಯೂ ಎಳೆಯುವುದಿಲ್ಲ. 50.8 ಮಿಲಿಮೀಟರಿನ ಪಿನ್ ಸವೆದು 49ಕ್ಕೆ ಬಂದರೆ ಬದಲಿಸಬೇಕು ಅನ್ನುತ್ತಾರೆ. ಎರಡು ಮಿಲಿಮೀಟರಿಗೂ ಕಡಿಮೆ ಸವೆತಕ್ಕೇ ಕೆಲಸ ಮುಗಿಯುವ ಜಾಗ ಅದು. ಒಂದು ಚಕ್ರದಲ್ಲಿ ಒಂದಕ್ಕಿಂತ ಹೆಚ್ಚು ನಟ್ಟು ಹೋಗಿದ್ದರೂ ಇಲ್ಲ, ಚಕ್ರದ ನಡುವಿನ ಹಬ್ಬಿನಲ್ಲಿ ಬೇರಿಂಗ್ ಆಡುತ್ತಿದ್ದರೂ ಇಲ್ಲ, ಬ್ರೇಕಿನ ಗಾಳಿ ನಿಲ್ಲದಿದ್ದರಂತೂ ಮಾತೇ ಇಲ್ಲ.

ಚಾಸಿಯ ಉದ್ದ ಬೀಮಿನ ಬಿರುಕಿನ ಬಗ್ಗೆ ಮೊದಲು ನನಗೆ ಇಷ್ಟು ಖಚಿತ ಇರಲಿಲ್ಲ. ಒಂದು ಸಲ ಪೇಂಟಿನ ಮೇಲೆ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡಿತ್ತು. ಜೊತೆಗಿದ್ದ ಹಿರಿಯ ಡ್ರೈವರ್ ಆ ಗೆರೆಯ ಎರಡೂ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, "ಮುಂದಿನ ಸಲ ನಿಲ್ಲಿಸಿದಾಗ ನೋಡು" ಅಂದರು. ಎಂಟು ಕಿಲೋಮೀಟರ್ ಆದ ಮೇಲೆ ಇಳಿದು ನೋಡಿದರೆ ಬಿರುಕು ಸುಣ್ಣ ದಾಟಿ ಒಂದು ಬೆರಳು ಮುಂದೆ ಹೋಗಿತ್ತು. ಅಲ್ಲೇ ಲೋಡ್ ಇಳಿಸಿದೆವು. ಅಂದಿನಿಂದ ಬೀಮಿನ ಬಿರುಕು ಕಂಡರೆ ನಾನು ಚರ್ಚೆ ಮಾಡುವುದಿಲ್ಲ.

ಈ ರಾತ್ರಿಯ ಲೆಕ್ಕ ಬೇರೆ. ಕಿಂಗ್ ಪಿನ್ ಸರಿ, ಬೀಮ್ ಸರಿ, ಗಾಳಿ ನಿಂತಿದೆ. ಕೆಟ್ಟಿರುವುದು ಒಂದು ಆಕ್ಸಲ್. ಆ ಆಕ್ಸಲನ್ನು ನೆಲ ಬಿಟ್ಟು ಮೇಲೆ ಎತ್ತಿ ಕಟ್ಟಿಬಿಟ್ಟರೆ ಅದು ಎಡಕ್ಕೂ ಎಳೆಯುವುದಿಲ್ಲ, ಬಲಕ್ಕೂ ಎಳೆಯುವುದಿಲ್ಲ. ಆದರೆ ಮೂವರು ಹೊರುತ್ತಿದ್ದ ಭಾರ ಇಬ್ಬರ ಮೇಲೆ ಬೀಳುತ್ತದೆ. ನಮ್ಮ ಲೋಡಿಗೆ ಮೂರು ಆಕ್ಸಲಿನ ಮೇಲೆ ಸುಮಾರು 24 ಟನ್, ಅಂದರೆ ತಲಾ ಎಂಟು. ಒಂದನ್ನು ಎತ್ತಿದರೆ ಉಳಿದೆರಡಕ್ಕೆ ತಲಾ ಹನ್ನೆರಡು. ಇನ್ನೊಂದು ಪಟ್ಟಾ ಮುರಿಯಲು ಅಷ್ಟು ಸಾಕು, ಟಯರ್ ಸಿಡಿಯಲೂ ಸಾಕು. ಹಾಗಾಗಿ ಎತ್ತುವ ಮೊದಲು ಇಳಿಸಬೇಕು.

ಯಜಮಾನರಿಗೆ ಮತ್ತೆ ಫೋನ್. ಖಾಲಿ ಲಾರಿ ಒಂದು ಬೇಕು, ಹಮಾಲರು ಬೇಕು ಅಂದೆ. ಎರಡು ನಿಮಿಷ ಬೈದರು. ಎರಡೂವರೆಗೆ ಲಾರಿ ಬಂತು.

ಐವತ್ತು ಕಿಲೋದ 600 ಚೀಲದಲ್ಲಿ 200 ಇಳಿಸಿದೆವು, ಹತ್ತು ಟನ್. ಎಲ್ಲಿಂದ ಇಳಿಸುತ್ತೇವೆ ಅನ್ನುವುದು ಎಷ್ಟು ಇಳಿಸುತ್ತೇವೆ ಅನ್ನುವಷ್ಟೇ ಮುಖ್ಯ. ಮುಂದಿನಿಂದ ತೆಗೆದರೆ ಕಿಂಗ್ ಪಿನ್ ಮೇಲಿನ ಭಾರ ಕಡಿಮೆಯಾಗಿ, ಎಂಜಿನ್ ಚಕ್ರಗಳ ಹಿಡಿತ ಹೋಗುತ್ತದೆ, ಹಿಂದಿನ ಹೊರೆ ಹಾಗೇ ಉಳಿಯುತ್ತದೆ. ಹಿಂದಿನಿಂದ ತೆಗೆದೆವು. ಎಡಬಲ ಸಮ ಇರಲಿ ಅಂತ ಸಾಲು ಸಾಲಾಗಿ ತೆಗೆಸಿದೆ. ಒಂದೇ ಬದಿಯಿಂದ ಎಳೆದು ಮುಗಿಸುವ ಅವಸರ ಹಮಾಲರಿಗಿತ್ತು, ಅದಕ್ಕೆ ಸ್ವಲ್ಪ ಜಗಳವೂ ಆಯಿತು.

ಜಾಕ್ ಕೊಡುವಾಗ ಅದರ ಕೆಳಗೆ ದಪ್ಪ ಮರದ ಹಲಗೆ ಇಟ್ಟೆವು. ಆಕ್ಸಲ್ ಮೇಲೆದ್ದ ಕೂಡಲೇ ಚಾಸಿಯ ಕೆಳಗೆ ಮರದ ದಿಮ್ಮಿ ಜೋಡಿಸಿದ ಮೇಲೆಯೇ ಕೈ ಒಳಗೆ ಹಾಕಿದ್ದು. ಜಾಕ್ ಎತ್ತುವ ಸಾಧನ ಅಷ್ಟೇ, ಹೊತ್ತು ನಿಲ್ಲುವುದಲ್ಲ. ಬರೀ ಜಾಕನ್ನು ನಂಬಿ ಗಾಡಿ ಕೆಳಗೆ ನುಗ್ಗುವವರನ್ನು ಕಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಉಜ್ಜಿದ ಎಡಗಡೆ ಜೋಡಿ ಟಯರ್ ಬಿಚ್ಚಿ ಮೇಲೆ ಹಾಕಿದೆವು. ಆಕ್ಸಲಿನ ಎರಡೂ ತುದಿಗೆ ಸರಪಳಿ ಸುತ್ತಿ ಚಾಸಿಗೆ ಎಳೆದು ಹಲ್ಲುಚಕ್ರದ ಲಿವರಿನಲ್ಲಿ ಬಿಗಿದೆವು. ಗುಂಡಿ ಹಾರಿದಾಗ ಆಕ್ಸಲ್ ಮೇಲೆ ಬಡಿಯದಿರಲಿ ಅಂತ ನಡುವೆ ಮರದ ತುಂಡು ತುರುಕಿದೆವು. ಮುರಿದ ಪಟ್ಟಾದ ಚೂರು ರಸ್ತೆಗೆ ಬಿದ್ದು ಹಿಂದಿನವರ ಗಾಜಿಗೆ ಹಾರಬಾರದು, ಅದನ್ನೂ ತೆಗೆದು ಕ್ಯಾಬಿನ್ನಿನಲ್ಲಿ ಇಟ್ಟೆ.

ಎತ್ತಿದ ಆಕ್ಸಲಿನ ಬೂಸ್ಟರಿಗೆ, ಅಂದರೆ ಗಾಳಿಯಿಂದ ಬ್ರೇಕ್ ಒತ್ತುವ ಡಬ್ಬಿಗೆ, ಹೋಗುವ ಏರ್ ಪೈಪು ಜಗ್ಗಿ ನಿಂತಿತ್ತು. ಅದು ಕಿತ್ತುಕೊಂಡರೆ ಇಡೀ ಟ್ರೇಲರಿನ ಗಾಳಿ ಹೋಗುತ್ತದೆ. ಎಂಜಿನ್ ನಿಲ್ಲಿಸಿ ಎಲ್ಲ ಟ್ಯಾಂಕಿನ ಗಾಳಿ ಬಿಟ್ಟು, ಆ ಪೈಪು ಬಿಚ್ಚಿ, ಅದು ಕವಲೊಡೆಯುವ ಟೀ ಜೋಡಣೆಯ ಹತ್ತಿರ ಡಮ್ಮಿ ಮುಚ್ಚಳ ಹಾಕಿದೆವು. ಮತ್ತೆ ಗಾಳಿ 8 ಬಾರ್ ತುಂಬಿಸಿ, ಎಂಜಿನ್ ಬಂದ್ ಮಾಡಿ, ಬ್ರೇಕ್ ತುಳಿದು ಒಂದು ನಿಮಿಷ ಮೀಟರ್ ಮುಳ್ಳನ್ನೇ ನೋಡಿದೆ. ಮುಳ್ಳು ಕದಲಲಿಲ್ಲ ಅನ್ನಬಹುದು. ಹುಡುಗ ಜೋಡಣೆಗಳ ಮೇಲೆಲ್ಲ ಸೋಪಿನ ನೀರು ಸವರಿ ನೊರೆ ಏಳುತ್ತದೆಯೇ ನೋಡಿದ. ಆಮೇಲೆ ಟ್ರೇಲರ್ ಬ್ರೇಕ್ ಹಿಡಿದು ಮೊದಲ ಗೇರಿನಲ್ಲಿ ಮೆಲ್ಲನೆ ಎಳೆದು ನೋಡಿದೆ. ಟ್ರೇಲರ್ ಕಚ್ಚಿ ನಿಂತಿತು. ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಕೆಲಸ ಮಾಡುತ್ತಿಲ್ಲ ಅನ್ನುವ ದೀಪ ಉರಿಯುತ್ತಲೇ ಇತ್ತು. ಅದು ಉರಿದರೂ ಬ್ರೇಕ್ ಹಿಡಿಯುತ್ತದೆ, ಆದರೆ ಜೋರಾಗಿ ತುಳಿದರೆ ಚಕ್ರ ಲಾಕ್ ಆಗಿ ಜಾರುತ್ತದೆ. ಅದನ್ನು ನೆನಪಿನಲ್ಲಿ ಇಟ್ಟುಕೊಂಡೆ.

ಕೆಲಸ ಮುಗಿದಾಗ ನಾಲ್ಕೂವರೆ. ಹೊರಡಲಿಲ್ಲ. ಹಿಂದಿನ ದೀಪ ಅರ್ಧ ಸತ್ತಿರುವ ಗಾಡಿಯನ್ನು ತೀರಾ ನಿಧಾನಕ್ಕೆ ಕತ್ತಲಲ್ಲಿ ಓಡಿಸುವುದೆಂದರೆ ರಸ್ತೆ ಮಧ್ಯೆ ಗೋಡೆ ಕಟ್ಟಿದ ಹಾಗೆ. ಬೆಳಕಾಗುವವರೆಗೆ ಕಾದೆವು. ಗ್ಯಾರೇಜಿಗೆ ಹತ್ತಿರದ ದಾರಿ 26 ಕಿಲೋಮೀಟರ್, ಆದರೆ ಅದರಲ್ಲಿ ಒಂದು ಉದ್ದ ಇಳಿಜಾರು ಇತ್ತು. ಸುತ್ತುದಾರಿ 32, ಮಟ್ಟಸ. ಸುತ್ತುದಾರಿಯಲ್ಲೇ ಹೊರಟೆವು. ನಾವು ಇಳಿಸಿದ ಸಿಮೆಂಟ್ ತುಂಬಿಕೊಂಡ ಆ ಲಾರಿ ಹಜಾರ್ಡ್ ಹಾಕಿಕೊಂಡು ನಮ್ಮ ಹಿಂದೆ ಬಂತು. ಆ ಡ್ರೈವರಿಗೆ ಹೇಳಿದ್ದು ಇಷ್ಟೇ: "ಅಣ್ಣ, ನನ್ನ ಕಣ್ಣಿಗೆ ಕಾಣದ್ದು ನಿಮಗೆ ಕಾಣುತ್ತೆ. ಹೊಗೆ, ಕಿಡಿ, ಏನು ಕಂಡರೂ ಹಾರ್ನ್ ಹೊಡೀರಿ, ನಾನು ನಿಲ್ಲಿಸ್ತೀನಿ."

ಎರಡು ಕಿಲೋಮೀಟರಿಗೆ ಮೊದಲ ನಿಲುಗಡೆ. ಸರಪಳಿ ಸ್ವಲ್ಪ ಸಡಿಲಾಗಿತ್ತು. ಹೊಸದಾಗಿ ಕಟ್ಟಿದ ಸರಪಳಿ ಅದುರಿಗೆ ಕೂತುಕೊಳ್ಳುತ್ತದೆ, ಸಡಿಲಾಗಲೇಬೇಕು. ಲಿವರ್ ಎಳೆದು ಇನ್ನೆರಡು ಹಲ್ಲು ಬಿಗಿದೆ. ಎಲ್ಲ ಸರಿ ಅನ್ನಿಸಿತು. ಹಬ್ಬುಗಳ ಹತ್ತಿರ ಕೈ ಹಿಡಿದೆ, ತಣ್ಣಗಿದ್ದವು. ಹೊರಟೆವು.

ಗಂಟೆಗೆ ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೈದು. ಆ ವೇಗದಲ್ಲಿ ಗಾಡಿ ಓಡಿಸುವುದು ದಣಿವಿನ ಕೆಲಸ. ಕಾಲು ತಾನೇ ಒತ್ತಲು ಹೋಗುತ್ತದೆ. ತಿರುವಿನಲ್ಲಿ ಒಂದು ಹೊಸ ಪಾಠ ಆಯಿತು. ಕೊನೆಯ ಆಕ್ಸಲ್ ಎತ್ತಿದ್ದರಿಂದ ಟ್ರೇಲರ್ ತಿರುಗುವ ಬಿಂದು ಮುಂದಕ್ಕೆ ಬಂದಿತ್ತು. ಒಳಗಡೆ ಎಂದಿಗಿಂತ ಕಡಿಮೆ ಕಡಿಯುತ್ತಿತ್ತು, ಒಳ್ಳೆಯದೇ ಅಂದುಕೊಂಡೆ. ಆದರೆ ಬಾಲ ಎಂದಿಗಿಂತ ಹೆಚ್ಚು ಹೊರಗೆ ಬೀಸುತ್ತಿತ್ತು. ಬಲಕ್ಕೆ ತಿರುಗುವಾಗ ಎಡಗಡೆ ಮೂಲೆ ಒಂದು ಕಂಬಕ್ಕೆ ಒಂದಡಿ ದೂರದಲ್ಲಿ ಹಾದುಹೋಯಿತು. ಎಷ್ಟೋ ವರ್ಷದಿಂದ ಕೈಗೆ ಬಂದ ಅಂದಾಜು ಆ ಬೆಳಿಗ್ಗೆ ಕೆಲಸಕ್ಕೆ ಬರಲಿಲ್ಲ. ಹುಡುಗನನ್ನು ಇಳಿಸಿ ಪ್ರತಿ ತಿರುವಿನಲ್ಲೂ ಹಿಂದೆ ನಿಲ್ಲಿಸಿದೆ.

ಬ್ರೇಕಿನ ವಿಷಯದಲ್ಲೂ ಅಭ್ಯಾಸ ಬದಲಿಸಬೇಕಾಯಿತು. ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಹಿಡಿಯುವುದು ಎಂಜಿನ್ ಗಾಡಿಯ ಚಕ್ರವನ್ನು ಮಾತ್ರ. ಟ್ರೇಲರ್ ಹಿಂದಿನಿಂದ ತಳ್ಳುತ್ತಲೇ ಇರುತ್ತದೆ. ಒಣ ಮಟ್ಟಸ ರಸ್ತೆಯಲ್ಲಿ ಪರವಾಗಿಲ್ಲ. ಒದ್ದೆ ತಿರುವಿನಲ್ಲಿ ಅದೇ ತಳ್ಳಾಟ ಎಂಜಿನ್ ಗಾಡಿಯನ್ನು ಟ್ರೇಲರಿನ ಕಡೆಗೆ ಮಡಚಿಬಿಡುತ್ತದೆ. ಟ್ರೇಲರ್ ಬ್ರೇಕನ್ನೊಂದೇ ಕೈಯಿಂದ ಎಳೆಯುವುದನ್ನೂ ಮಾಡಲಿಲ್ಲ. ಉಳಿದಿರುವ ಎರಡೇ ಆಕ್ಸಲಿನ ಬ್ರೇಕ್ ಡ್ರಮ್ಮು ಬಿಸಿಯಾಗುತ್ತದೆ. ಮುಂದಿನ ಗಾಡಿಗೆ ದೂರ ಬಿಟ್ಟು, ಬೇಗನೆ ಕಾಲು ತೆಗೆದು, ಕೊನೆಗೆ ಹಗುರಾಗಿ ಕಾಲ್ಬ್ರೇಕ್ ಮುಟ್ಟಿಸುವುದು.

ಏಳನೇ ಕಿಲೋಮೀಟರಿನ ಹತ್ತಿರ ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಅದಕ್ಕೂ ಅರೆಗಳಿಗೆ ಮೊದಲು ಹುಡುಗ ಕಿಟಕಿಯಿಂದ ಮೂಗು ಹೊರಗೆ ಹಾಕಿ, "ಅಣ್ಣ, ಬ್ರೇಕ್ ಲೈನರ್ ಸುಟ್ಟ ವಾಸ್ನೆ" ಅಂದಿದ್ದ. ಈ ಸಲ "ಮಲಕ್ಕೋ" ಅನ್ನಲಿಲ್ಲ.

ನಡುವಿನ ಆಕ್ಸಲಿನ ಎಡಗಡೆ ಡ್ರಮ್ಮಿನಿಂದ ತೆಳ್ಳಗೆ ಹೊಗೆ. ಹಬ್ಬಿನಿಂದ ಒಂದು ಗೇಣು ದೂರದಲ್ಲೇ ಕೈ ಸುಡುತ್ತಿತ್ತು. ಬಲಗಡೆಯದನ್ನು ಮುಟ್ಟಿ ನೋಡಬಹುದಿತ್ತು. ಹುಡುಗ ಆಗಲೇ ನೀರಿನ ಕ್ಯಾನ್ ಎತ್ತಿಕೊಂಡಿದ್ದ. ತಡೆದೆ. ಕಾದ ಎರಕದ ಡ್ರಮ್ಮಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಬೆಂಕಿ ಹತ್ತಿದ್ದರೆ ಆ ಮಾತು ಬೇರೆ, ಆಗ ಕ್ಯಾನ್ ನೀರು ಸಾಲುವುದೂ ಇಲ್ಲ. ಟಯರ್ ಬೆಂಕಿ ಆರಿತು ಅಂದುಕೊಂಡ ಮೇಲೂ ಒಳಗಿನ ಕಾವಿಗೆ ಮತ್ತೆ ಹತ್ತಿಕೊಳ್ಳುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತೆ ಇಟ್ಟುಕೊಂಡು, ಚಕ್ರದ ನೇರಕ್ಕೆ ನಿಲ್ಲದೆ ದೂರ ನಿಂತು, ಮುಕ್ಕಾಲು ಗಂಟೆ ತಣ್ಣಗಾಗಲು ಬಿಟ್ಟೆವು.

ಆಮೇಲೆ ಬಗ್ಗಿ ನೋಡಿದರೆ ಕಾರಣ ನಾವೇ. ಎರಡು ಕಿಲೋಮೀಟರಿನಲ್ಲಿ ನಾನು ಬಿಗಿದ ಆ ಎರಡು ಹಲ್ಲು! ಸರಪಳಿ ಎರಡು ಇಂಚು ಮುಂದೆ ಜಾರಿ, ನಡುವಿನ ಆಕ್ಸಲಿನ ಬೂಸ್ಟರಿಗೆ ಹೋಗುವ ಪೈಪನ್ನು ಚಾಸಿಯ ಅಂಚಿಗೆ ಒತ್ತಿ ಹಿಡಿದಿತ್ತು. ಈ ಬೂಸ್ಟರಿಗೆ ಎರಡು ಪೈಪು. ಒಂದು ನಾವು ಬ್ರೇಕ್ ತುಳಿದಾಗ ಗಾಳಿ ಕೊಡುವುದು. ಇನ್ನೊಂದು, ಒಳಗಿರುವ ದೊಡ್ಡ ಸ್ಪ್ರಿಂಗನ್ನು ಗಾಳಿಯಿಂದ ಒತ್ತಿ ಹಿಡಿದಿರುವುದು. ಅದರಲ್ಲಿ ಗಾಳಿ ಇಲ್ಲದಿದ್ದರೆ ಸ್ಪ್ರಿಂಗ್ ಬಿಚ್ಚಿಕೊಂಡು ಬ್ರೇಕ್ ಕಚ್ಚುತ್ತದೆ. ಒತ್ತಿದ್ದು ಈ ಎರಡನೆಯದನ್ನು. ಪೂರ್ತಿ ಮುಚ್ಚಿರಲಿಲ್ಲ. ಪ್ರತಿ ಸಲ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಿ ಬಿಟ್ಟಾಗ ಆ ಸಂದಿನಲ್ಲಿ ಗಾಳಿ ತೊಟ್ಟು ತೊಟ್ಟಾಗಿ ತುಂಬುತ್ತಿತ್ತು. ಅದು ತುಂಬುವ ಮೊದಲೇ ನಾವು ಹೊರಟುಬಿಡುತ್ತಿದ್ದೆವು, ಬ್ರೇಕ್ ಅರ್ಧ ಕಚ್ಚಿಕೊಂಡೇ. ತಿರುವಿಗೊಮ್ಮೆ ಹುಡುಗನನ್ನು ಇಳಿಸಲು ಹ್ಯಾಂಡ್ ಬ್ರೇಕ್ ಹಾಕುತ್ತಿದ್ದೆನಲ್ಲ, ಜಾಗ್ರತೆ ಹೆಚ್ಚಾದಷ್ಟೂ ಡ್ರಮ್ ಕಾಯುತ್ತಿತ್ತು. ಮೀಟರಿನಲ್ಲಿ ಮಾತ್ರ 8 ಬಾರ್. ಮುಳ್ಳಿಗೆ ಟ್ಯಾಂಕ್ ಗೊತ್ತು, ಪೈಪು ಎಲ್ಲಿ ಒತ್ತಿಕೊಂಡಿದೆ ಗೊತ್ತಿಲ್ಲ.

ಮೊದಲ ನಿಲುಗಡೆಯಲ್ಲಿ ನಾನು ಸರಪಳಿಯನ್ನು ಬಿಗಿದೆನೇ ಹೊರತು ಬಿಗಿದ ಮೇಲೆ ಬಗ್ಗಿ ನೋಡಲಿಲ್ಲ. ರಾತ್ರಿಯಿಡೀ ಮುರಿದ ಕಡೆಯನ್ನೇ ನೋಡಿ ನೋಡಿ, ಮುರಿಯದ ಆಕ್ಸಲಿನ ಕಡೆ ಕಣ್ಣೇ ಹೋಗಿರಲಿಲ್ಲ.

ಸರಪಳಿ ಬಿಚ್ಚಿ ಬೇರೆ ಜಾಗದಲ್ಲಿ ಸುತ್ತಿದೆವು. ಪೈಪಿನ ಮೇಲ್ಪದರ ಸ್ವಲ್ಪ ತರಚಿತ್ತು, ಒಳಗಿನ ನೂಲು ಕಂಡಿರಲಿಲ್ಲ. ಸೋಪಿನ ನೀರಿಗೆ ನೊರೆ ಏಳಲಿಲ್ಲ. ಹಳೆಯ ಟ್ಯೂಬಿನ ತುಂಡು ಸುತ್ತಿ ಸರಪಳಿಯಿಂದ ದೂರ ಕಟ್ಟಿದೆ. ಆ ಚಕ್ರಕ್ಕೆ ಜಾಕ್ ಕೊಟ್ಟು, ಬ್ರೇಕ್ ಬಿಟ್ಟು, ಕೈಯಿಂದ ತಿರುಗಿಸಿದೆ. ಸಲೀಸಾಗಿ ತಿರುಗಿತು, ಬೇರಿಂಗಿನಲ್ಲಿ ಗರಗರ ಇಲ್ಲ. ತಿರುಗದೇ ಇದ್ದಿದ್ದರೆ ಅಲ್ಲಿಂದ ಮುಂದೆ ಟೋಯಿಂಗ್ ಗಾಡಿಯೇ. ಬೂಸ್ಟರಿನ ಹಿಂದೆ ಬೋಲ್ಟ್ ಹಾಕಿ ಸ್ಪ್ರಿಂಗನ್ನು ಎಳೆದು ಕಟ್ಟಿ ಬ್ರೇಕ್ ಬಿಡಿಸುವ ಉಪಾಯ ಎಲ್ಲ ಡ್ರೈವರಿಗೂ ಗೊತ್ತು. ಹಿಂದಿನ ಲಾರಿಯ ಅಣ್ಣನೂ ಅದನ್ನೇ ಹೇಳಿದರು. ಹಾಗೆ ಮಾಡಿದರೆ ಆ ಚಕ್ರಕ್ಕೆ ನಿಲ್ಲಿಸಿದಾಗ ಹಿಡಿಯುವ ಬ್ರೇಕೂ ಇಲ್ಲ, ಗಾಳಿ ಹೋದಾಗ ತಾನಾಗಿ ಕಚ್ಚುವ ಬ್ರೇಕೂ ಇಲ್ಲ. ಆಗಲೇ ಒಂದು ಆಕ್ಸಲ್ ಬ್ರೇಕ್ ಬಿಟ್ಟುಕೊಟ್ಟಿದ್ದೆವು. ಇನ್ನೊಂದು ಕೊಡಲು ಮನಸ್ಸು ಒಪ್ಪಲಿಲ್ಲ.

ಉಳಿದ 25 ಕಿಲೋಮೀಟರಿಗೆ ಐದು ಸಲ ನಿಲ್ಲಿಸಿದೆವು. ಪ್ರತಿ ಸಲವೂ ಒಂದೇ ಸುತ್ತು: ಎಡಗಡೆಯಿಂದ ಹೊರಟು ಹಿಂದೆ ಹಾಯ್ದು ಬಲಗಡೆಯಿಂದ ಕ್ಯಾಬಿನ್. ಎಲ್ಲ ಹಬ್ಬಿಗೂ ಕೈ, ಎಲ್ಲ ಟಯರಿಗೂ ಒಂದು ಬಡಿತ, ಸರಪಳಿ ಬಿಗಿದರೆ ಬಿಗಿದ ಮೇಲೆ ಇನ್ನೊಮ್ಮೆ ಟಾರ್ಚ್. ಮತ್ತೇನೂ ಸಿಗಲಿಲ್ಲ. ಗ್ಯಾರೇಜ್ ತಲುಪಿದಾಗ ಹತ್ತೂಕಾಲು.

ಮೇಸ್ತ್ರಿ ಕ್ಯಾಬಿನ್ನಿನಲ್ಲಿಟ್ಟಿದ್ದ ಪಟ್ಟಾದ ಚೂರನ್ನು ಕೇಳಿ ತೆಗೆದುಕೊಂಡು, ಮುರಿದ ಬಾಯಿಯನ್ನು ಬೆಳಕಿಗೆ ಹಿಡಿದರು. ಅರ್ಧ ಕಪ್ಪು ತುಕ್ಕು, ಅರ್ಧ ಮಿರಮಿರ ಹೊಸ ಕಬ್ಬಿಣ. "ಇದು ನಿನ್ನೆ ರಾತ್ರಿದಲ್ಲಪ್ಪ. ನಿನ್ನೆ ರಾತ್ರಿ ಉಳಿದರ್ಧ ಮುರಿದಿದೆ" ಅಂದರು. ಟಾರ್ಕ್ ರಾಡಿನಲ್ಲಿ ಬೋಲ್ಟ್ ಸುತ್ತ ಕೂರುವ ಬುಷ್ ಸವೆದು ಮೊಟ್ಟೆಯಾಕಾರ ಆಗಿತ್ತು, ಬೋಲ್ಟ್ ಕೂರುವ ಜಾಗದ ಸುತ್ತ ಕೆಂಪು ತುಕ್ಕಿನ ಪುಡಿ ಇಳಿದಿತ್ತು. ಸಡಿಲಾದ ಬೋಲ್ಟ್ ಅಲುಗಾಡಿ ಅಲುಗಾಡಿ ಆ ಪುಡಿ ಬರುತ್ತದೆ, ಒಂದು ದಿನದಲ್ಲಿ ಅಲ್ಲ. ಲೋಡ್ ಹೊರಡುವ ಮುಂಚೆ ನಾನು ಗಾಡಿ ನೋಡಿದ್ದೆ. ಟಯರ್ ಬಡಿದೆ, ದೀಪ ನೋಡಿದೆ, ಪುಸ್ತಕದಲ್ಲಿ ಸಹಿ ಹಾಕಿದೆ. ಬಗ್ಗಿರಲಿಲ್ಲ. ಮೇಸ್ತ್ರಿ ಮುಂದೆ ಏನೂ ಹೇಳಲಿಲ್ಲ, ಹುಡುಗ ನನ್ನ ಮುಖ ನೋಡಿದ.

ರಿಪೇರಿ ಒಂದೂವರೆ ದಿನ ಹಿಡಿಯಿತು. ಪಟ್ಟಾ ಎರಡೂ ಕಡೆ ಬದಲಿಸಿದರು. ಒಂದೇ ಕಡೆ ಹೊಸದು ಹಾಕಿದರೆ ಗಾಡಿ ಆ ಕಡೆ ಎತ್ತರ ಕೂತು ಹಳೆಯ ಕಡೆಗೆ ವಾಲುತ್ತದೆ. ಟಾರ್ಕ್ ರಾಡ್ ಬುಷ್ ಎಲ್ಲ ಹೊಸದು. ಪಟ್ಟಾವನ್ನು ಚಾಸಿಗೆ ಹಿಡಿದಿರುವ ಹ್ಯಾಂಗರಿಗೆ ವೆಲ್ಡಿಂಗ್ ಬೇಕಾಯಿತು. ಅದಕ್ಕೆ ಮೊದಲು ಎಂಜಿನ್ ಗಾಡಿಯಿಂದ ಟ್ರೇಲರಿನ ವೈರ್ ಬಿಚ್ಚಿಸಿ, ಎಬಿಎಸ್ ಪೆಟ್ಟಿಗೆಯ ಪ್ಲಗ್ ತೆಗೆಸಿದೆ. ವೆಲ್ಡಿಂಗ್ ಕರೆಂಟ್ ಅದರೊಳಗೆ ಹಾದರೆ ಪೆಟ್ಟಿಗೆ ಸುಟ್ಟುಹೋಗುತ್ತದೆ. ಕಾದ ಡ್ರಮ್ಮನ್ನೂ ಬಿಚ್ಚಿ ನೋಡಿದರು. ಲೈನರ್ ಗಾಜಿನಂತೆ ಹೊಳೆಯುತ್ತಿತ್ತು, ಬದಲಿಸಬೇಕಾಯಿತು, ಬೇರಿಂಗಿನ ಗ್ರೀಸ್ ನೀರಾಗಿತ್ತು.

ಕೊನೆಗೆ ಟೇಪ್ ಹಿಡಿದು ಕಿಂಗ್ ಪಿನ್ನಿನಿಂದ ಮುಂದಿನ ಆಕ್ಸಲಿನ ಎರಡೂ ತುದಿಗೆ ಅಳತೆ ತೆಗೆದರು, ಆಮೇಲೆ ಆಕ್ಸಲಿಂದ ಆಕ್ಸಲಿಗೆ. ಎಡಕ್ಕೂ ಬಲಕ್ಕೂ ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಅಂದರು ಮೇಸ್ತ್ರಿ. ಮೊದಲ ಸಲ ಐದು ಬಂತು. ಬಿಚ್ಚಿ, ಸರಿಸಿ, ಮತ್ತೆ ಅಳೆದಾಗ ಎರಡು.

ಇಳಿಸಿದ 200 ಚೀಲ ಮತ್ತೆ ಏರಿಸಿಕೊಂಡು ಸಂಜೆ ಹೊರಟೆವು. ಎರಡೂ ಕನ್ನಡಿಯಲ್ಲಿ ಎರಡೂ ಮೂಲೆ ಸಮ. ಐವತ್ತು ಕಿಲೋಮೀಟರಿಗೆ ನಿಲ್ಲಿಸಿ ಪಟ್ಟಾವನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟಿಗೂ ಚಕ್ರದ ನಟ್ಟಿಗೂ ಮತ್ತೊಮ್ಮೆ ಪಾನಾ ಹಾಕಬೇಕು ಅಂತ ಮೇಸ್ತ್ರಿ ಹೇಳಿದ್ದರು. ನಿಲ್ಲಿಸಿದೆ. ಹುಡುಗ ಪಾನಾ ಹಿಡಿದ, ನಾನು ಟಾರ್ಚ್ ಹಿಡಿದು ಕೆಳಗೆ ಹೋದೆ. ಯು ಬೋಲ್ಟಿನ ಎಂಟು ನಟ್ಟಿನಲ್ಲಿ ಎರಡು, ಕಾಲು ಸುತ್ತು ತಿರುಗಿದವು.